ಅಜ್ಜಿ ಕೊಡದ ಕನ್ನಡಿ

ಆ ಕನ್ನಡಿಯನ್ನು ಮನೆಗೆ ತರಲು ಎಂಟು ಜನ ಹಮಾಲಿಗಳು ಬೇಕಾದರು, ಅವರಲ್ಲಿ ಇಬ್ಬರು ದಾರಿಯಲ್ಲೇ ಸೊಂಟ ಹಿಡಿದುಕೊಂಡು ಕೂತುಬಿಟ್ಟರು ಎಂದು ಊರಿನಲ್ಲಿ ಮಾತಿದೆ. ಆ ಮಾತು ಹುಟ್ಟಿಸಿದವನು ನಾನೇ. ನಿಜವಾಗಿ ನಡೆದದ್ದೆಂದರೆ, ಗೋಣಿಚೀಲದಲ್ಲಿ ಸುತ್ತಿ, ಸೈಕಲ್ ಕ್ಯಾರಿಯರಿಗೆ ಹಗ್ಗದಿಂದ ಬಿಗಿದು, ನಾನೊಬ್ಬನೇ ತಳ್ಳಿಕೊಂಡು ಬಂದೆ. ಆದರೆ ನೀವೇ ಹೇಳಿ, ಅಂಥ ಕನ್ನಡಿ ಸೈಕಲ್ ಮೇಲೆ ಬಂತು ಎಂದರೆ ಕನ್ನಡಿಯ ಮರ್ಯಾದೆ ಏನಾಗಬೇಕು?

ನಾನು ನೀರು ಸರಬರಾಜು ಆಫೀಸಿನಲ್ಲಿ ಮೀಟರ್ ಓದುವವನು. ದಿನಕ್ಕೆ ನಲವತ್ತು ಮನೆ. ಇಪ್ಪತ್ತೆರಡು ವರ್ಷಗಳಲ್ಲಿ ಒಂದಂಕಿ ತಪ್ಪು ಬರೆದವನಲ್ಲ. ಒಮ್ಮೆ ಮಾತ್ರ ಇಬ್ಬರೇ ಇರುವ ಮನೆಗೆ ಒಂದು ಕೆರೆಯಷ್ಟು ನೀರಿನ ಬಿಲ್ಲು ಹೋಯಿತು, ಅದು ಮೀಟರಿನ ತಪ್ಪು. ಮೀಟರಿಗೆ ನಾನು ಇಷ್ಟು ನಿಷ್ಠನಾಗಿದ್ದರೂ ನನ್ನ ಬಾಯಿಗೆ ಮೀಟರ್ ಕೂರಿಸಲು ಯಾವ ಇಲಾಖೆಯಿಂದಲೂ ಆಗಿಲ್ಲ. ಅದಕ್ಕೇ ಜನ ನನ್ನನ್ನು ಸಾವಿರಣ್ಣ ಎನ್ನುತ್ತಾರೆ. ಹತ್ತು ಕಂಡರೆ ಸಾವಿರ ಅನ್ನುತ್ತೇನಂತೆ. ಈ ಆರೋಪವನ್ನು ನಾನು ಸಾವಿರ ಸಲ ಅಲ್ಲಗಳೆದಿದ್ದೇನೆ.

ಕನ್ನಡಿ ಸಿಕ್ಕಿದ್ದು ಸಲೂನಿನಲ್ಲಿ. ನಮ್ಮ ಬೀದಿಯ ಕೊನೆಯಲ್ಲಿ ಅಣ್ಣ ತಮ್ಮಂದಿರ ಸಲೂನಿದೆ, ಊರಿನ ಬಾಯಲ್ಲಿ ಅವರು ದೊಡ್ಡ ಕತ್ತರಿ, ಸಣ್ಣ ಕತ್ತರಿ. ಸಣ್ಣ ಕತ್ತರಿಯ ಕುರ್ಚಿಯ ಮುಂದೆ ಹೊಸ ಸ್ಟೀಲ್ ಅಂಚಿನ ಕನ್ನಡಿ. ದೊಡ್ಡ ಕತ್ತರಿಯ ಕುರ್ಚಿಯ ಮುಂದೆ ಮಾತ್ರ ಅವರ ತಾತನ ಕಾಲದ್ದು: ಕಪ್ಪು ಮರದ ಅಗಲ ಚೌಕಟ್ಟು, ಸುತ್ತಲೂ ಬಳ್ಳಿ ಕೆತ್ತನೆ, ಬಳ್ಳಿಯಲ್ಲಿ ಹದಿನಾರು ಹಕ್ಕಿಗಳು, ಅದರಲ್ಲಿ ಒಂದಕ್ಕೆ ತಲೆಯಿಲ್ಲ. ನೆತ್ತಿಯ ಮೇಲೆ ಒಂದು ಮುಖ. ಕೆತ್ತಿದವನು ಸಿಂಹವೆಂದು ಶುರುಮಾಡಿ ಬೆಕ್ಕಿಗೆ ಬಂದು ಕೈಬಿಟ್ಟಿದ್ದ. ಕೆಳಗೆ ಗೇಣಗಲದ ಹಲಗೆ, ಪಕ್ಕದಲ್ಲಿ ಒಂದು ಹಿತ್ತಾಳೆ ಕೊಕ್ಕೆ. ಗಾಜಿನ ಅಂಚಿನಲ್ಲಿ ಪಾದರಸ ಹಾರಿ ಕಪ್ಪು ಚುಕ್ಕೆ. ಅದರಲ್ಲಿ ನೋಡಿಕೊಂಡರೆ ನನ್ನ ಮುಖ ಯಾವುದೋ ಹಳೆಯ ರಾಜಮನೆತನದ ಚಿತ್ರಪಟದ ಹಾಗೆ ಕಾಣುತ್ತಿತ್ತು. ಮನೆಯ ಕನ್ನಡಿಯಲ್ಲಿ ನಾನು ಮೀಟರ್ ಓದುವವನ ಹಾಗೇ ಕಾಣುತ್ತೇನೆ. ಅದು ಕಳಪೆ ಗಾಜು.

ದೊಡ್ಡ ಕತ್ತರಿಗೆ ಹಲ್ಲಿನ ಸೆಟ್ಟು ಬೇಕಾಗಿತ್ತು, ಗಲ್ಲಾಪೆಟ್ಟಿಗೆಯ ಕೀಲಿ ತಮ್ಮನ ಸೊಂಟದಲ್ಲಿತ್ತು. ಒಂದು ಮಧ್ಯಾಹ್ನ ತಮ್ಮ ಊಟಕ್ಕೆ ಹೋದಾಗ ನನ್ನ ಕಿವಿಯ ಹಿಂದೆ ಕತ್ತರಿ ಆಡಿಸುತ್ತಾ ಪಿಸುಗುಟ್ಟಿದ: "ಅಣ್ಣಾ, ಕನ್ನಡಿ ನಿಮಗೆ ಇಷ್ಟ ಅಂತ ನಂಗೊತ್ತು. ಈಗ್ಲೇ ಹಿಂದಿನ ಬಾಗಿಲಿಂದ ತಗೊಂಡ್ ಹೋಗ್ಬಿಡಿ. ತಮ್ಮಂಗೆ ಒಡೆದುಹೋಯ್ತು ಅಂತೀನಿ." ಜೇಬಿನಲ್ಲಿದ್ದ ದುಡ್ಡನ್ನೆಲ್ಲ ಅವನ ಕೈಗಿಟ್ಟು, ಅರ್ಧ ತಲೆ ಕತ್ತರಿಸಿದ್ದ ಹಾಗೇ ಎದ್ದುಬಂದೆ. ಉಳಿದರ್ಧ ಮೂರು ದಿನ ಹಾಗೇ ಇತ್ತು.

ಮನೆಗೆ ಬಂದು ಗೋಣಿ ಬಿಚ್ಚಿದ ಕೂಡಲೇ ನನ್ನಾಕೆ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಅಡುಗೆಮನೆಯ ನಲ್ಲಿ ಆರು ತಿಂಗಳಿಂದ ಸೋರುತ್ತಿತ್ತು. ನೀರಿನ ಆಫೀಸಿನವನ ಮನೆಯ ನಲ್ಲಿ. ಅದನ್ನು ಮಾಡಿಸಿ ಎಂದು ಬೆಳಿಗ್ಗೆ ದುಡ್ಡು ಕೊಟ್ಟವಳೂ ಅವಳೇ.

"ಏನ್ರೀ ಇದು? ದುಡ್ಡು ಕೊಟ್ಟು ತಂದ್ರಾ?"

ಆಗ ನಾನು "ಹೌದು" ಎಂದಿದ್ದರೆ ಒಂದು ವಾರ ಬೈಸಿಕೊಂಡು ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

"ದುಡ್ಡಾ? ಛೆ! ಇದು ನಮ್ಮ ಅಜ್ಜಿದು ಕಣೇ."

"ನಿಮ್ಮಜ್ಜಿ ತೀರಿಹೋಗಿ ಇಪ್ಪತ್ತೊಂದು ವರ್ಷ ಆಯ್ತು!"

"ಅದಕ್ಕೇ ಹೇಳ್ತಿರೋದು. ಸಾಯೋಕೆ ಎರಡು ದಿನ ಮುಂಚೆ ನನ್ನೊಬ್ಬನ್ನೇ ಹತ್ರ ಕರೆದು, ಕೈ ಹಿಡಕೊಂಡು, 'ಇದು ನಿಂಗೆ ಕಣೋ, ಬೇರೆ ಯಾರ ಕಣ್ಣಿಗೂ ಬೀಳಿಸ್ಬೇಡ' ಅಂತ ಕೊಟ್ಲು. ಕಂಬಳಿ ಸುತ್ತಿ ಆಫೀಸ್ ಸ್ಟೋರಲ್ಲಿ ಇಟ್ಟಿದ್ದೆ."

ಎಷ್ಟು ಚೆನ್ನಾಗಿ ಹೇಳಿದೆನೆಂದರೆ ನಾನೇ ಕಣ್ಣೊರೆಸಿಕೊಂಡೆ. ನನ್ನಾಕೆ ಕನ್ನಡಿ ಮುಟ್ಟಿ ನೋಡಿದಳು, ಮೂಸಿದಳು. "ಸೋಪಿನ ವಾಸನೆ ಬರ್ತಿದೆ" ಎಂದಳು. "ಅಜ್ಜಿ ಬಹಳ ಸ್ವಚ್ಛ" ಎಂದೆ.

ಇಲ್ಲಿ ಒಂದು ವಿಷಯ ಹೇಳಬೇಕು, ಹೇಳಲು ಮನಸ್ಸಿಲ್ಲ. ಅಜ್ಜಿ ಹಾಸಿಗೆ ಹಿಡಿದ ಏಳು ವರ್ಷ ಅವಳ ಉಚ್ಚೆ ಹೇಲು ಬಳಿದವಳು ನನ್ನ ಅಕ್ಕ. ಅಪ್ಪ ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳೂ ಅಕ್ಕನೇ. ಅಜ್ಜಿಯ ಹತ್ತಿರ ಕೊಡುವುದಕ್ಕೆ ಏನೂ ಇರಲಿಲ್ಲ, ಒಂದು ಒಡಕು ಬಾಚಣಿಗೆ ಕೂಡ. ಅಕ್ಕನ ಕೈ ಹಿಡಿದು, "ಕೊಡೋಕೆ ಏನೂ ಇಲ್ವಲ್ಲೇ ಮಗಳೇ" ಎಂದು ಅತ್ತು ಹೋದಳು. ಆ ಒಂದು ಮಾತನ್ನು ಅಕ್ಕ ಇಪ್ಪತ್ತೊಂದು ವರ್ಷ ಒಡವೆಯ ಹಾಗೆ ಇಟ್ಟುಕೊಂಡಿದ್ದಳು. ನಾನು ಸುಳ್ಳು ಹೇಳುವಾಗ ಇದು ನೆನಪಾಗಲಿಲ್ಲ. ಸುಳ್ಳು ಹೇಳುವಾಗ ಮನುಷ್ಯ ಮುಂದೆ ನೋಡುತ್ತಿರುತ್ತಾನೆ, ಹಿಂದೆ ಅಲ್ಲ.

ಮರುದಿನ ನಲವತ್ತು ಮನೆಯ ಮೀಟರ್ ಓದಿದೆ. ಮೊದಲನೇ ಮನೆಯಲ್ಲಿ ಕನ್ನಡಿಗೆ ನೂರು ವರ್ಷ. ಹತ್ತನೇ ಮನೆಯಲ್ಲಿ ಇನ್ನೂರು. ಮಧ್ಯಾಹ್ನ ಒಬ್ಬರು ಮಜ್ಜಿಗೆ ಕೊಟ್ಟರು, ಅವರಿಗೆ ಕೃತಜ್ಞತೆಯಿಂದ ಮುನ್ನೂರು ಎಂದೆ. ಸಂಜೆಯ ಹೊತ್ತಿಗೆ ಯಾವುದೋ ರಾಣಿ ನಮ್ಮ ಮುತ್ತಜ್ಜಿಯ ಮುತ್ತಜ್ಜಿಗೆ ಗೆಳತಿಯಾಗಿದ್ದಳು. ನಾನು ಮನೆಗೆ ಬರುವ ಮೊದಲೇ ಸುದ್ದಿ ಬಂದು ಎದುರುಮನೆಯ ಮೇಷ್ಟ್ರ ರೂಪದಲ್ಲಿ ನಮ್ಮ ಬೆಂಚಿನ ಮೇಲೆ ಕೂತಿತ್ತು. ಮೇಷ್ಟ್ರು ನಿವೃತ್ತರು, ಮನೆಯಲ್ಲೇ ಬೋಳಿಸಿಕೊಳ್ಳುವವರು, ಸಲೂನಿನ ಮೆಟ್ಟಿಲು ಹತ್ತಿದವರಲ್ಲ. ಪಾಠ ಮಾಡಲು ಮಕ್ಕಳು ಸಿಗದೆ ವಸ್ತುಗಳಿಗೆ ಪಾಠ ಮಾಡುತ್ತಿರುತ್ತಾರೆ.

"ಈ ಕೊಕ್ಕೆ ನೋಡಯ್ಯ" ಎಂದು ಹಿತ್ತಾಳೆ ಕೊಕ್ಕೆಗೆ ಬೆರಳು ಹಾಕಿದರು. "ಅಂತಃಪುರದ ಹೆಂಗಸರು ಅಲಂಕಾರ ಮಾಡ್ಕೊಳ್ಳೋವಾಗ ಕಂಠಾಭರಣ ತೂಗುಹಾಕೋದಕ್ಕೆ ಮಾಡಿರೋದು. ಈ ಹಲಗೆ? ಕುಂಕುಮದ ಭರಣಿ ಇಡೋಕೆ."

ಅದು ಕತ್ತಿ ಮಸೆಯುವ ಚರ್ಮದ ಪಟ್ಟಿ ಸಿಕ್ಕಿಸುವ ಕೊಕ್ಕೆ, ಹಲಗೆಯ ಮೇಲಿದ್ದದ್ದು ನೊರೆಯ ಬಟ್ಟಲು. ಆದರೆ ಮೇಷ್ಟ್ರು ಹೇಳಿದ ಮೇಲೆ ನನಗೂ ಸ್ವಲ್ಪ ಅನುಮಾನ ಬಂತು.

ಹತ್ತನೇ ದಿನ ಪುರಾತತ್ವ ಇಲಾಖೆಯ ಅಧಿಕಾರಿ ಬಂದರು. ಕಂಕುಳಲ್ಲಿ ಫೈಲು, ಕೈಯಲ್ಲಿ ಅಳತೆ ಟೇಪು, ಮುಖದಲ್ಲಿ ಮೂವತ್ತು ವರ್ಷದಿಂದ ಏನೂ ಸಿಕ್ಕದ ಹಸಿವು. ಕನ್ನಡಿಯನ್ನು ಉದ್ದ ಅಡ್ಡ ಅಳೆದರು. ಹಕ್ಕಿಗಳನ್ನು ಮೂರು ಸಲ ಎಣಿಸಿದರು. ತಲೆಯಿಲ್ಲದ ಹಕ್ಕಿಯನ್ನು 'ಶತ್ರುಗಳ ದಾಳಿಯಲ್ಲಿ ಭಗ್ನ' ಎಂದು ಬರೆದುಕೊಂಡರು. ಆಮೇಲೆ ಒಂದು ಹಳದಿ ಫಾರಂ ತೆಗೆದರು.

"ಮೂಲ ಯಾವ್ದು? ಖರೀದಿನೋ, ವಾರಸೋ, ಭೂಮಿ ಅಗೆಯೋವಾಗ ಸಿಕ್ಕಿದ್ದೋ?"

"ಖರೀದಿ ಅಂದ್ರೆ ಸ್ವಾಮಿ?"

"ಬಿಲ್ಲು ಬೇಕು. ಬಿಲ್ಲಿಲ್ಲ ಅಂದ್ರೆ ಕಳ್ಳಮಾಲು."

"ಭೂಮಿ ಅಗೆಯೋವಾಗ?"

"ಸರ್ಕಾರದ್ದು. ಈಗ್ಲೇ ಎತ್ಕೊಂಡ್ ಹೋಗ್ತೀನಿ."

"ಹಾಗಾದ್ರೆ ವಾರಸು" ಎಂದೆ. ನನ್ನಾಕೆಗೆ ಹೇಳಿದ್ದ ಅಜ್ಜಿಯ ಕಥೆಯನ್ನೇ ಬರೆಸಿ ಸಹಿ ಮಾಡಿದೆ. ಸಾಕ್ಷಿ ಕಾಲಮ್ಮಿನಲ್ಲಿ ಮೇಷ್ಟ್ರು, 'ಈ ಕನ್ನಡಿಯನ್ನು ಸದರಿ ಕುಟುಂಬದಲ್ಲಿ ತಲೆಮಾರುಗಳಿಂದ ಬಲ್ಲೆನು' ಎಂದು ಬರೆದು ಕೆಳಗೆ ತಮ್ಮ ಮೂರು ಡಿಗ್ರಿಗಳನ್ನೂ ಸೇರಿಸಿದರು. ಮೇಷ್ಟ್ರು ನಮ್ಮ ಬೀದಿಗೆ ಬಂದು ಆರು ವರ್ಷ. ಅಧಿಕಾರಿ ಠಸ್ಸೆ ಒತ್ತಿದರು. ಆ ಠಸ್ಸೆಯ ಸದ್ದು ಈಗಲೂ ನನ್ನ ಎದೆಯಲ್ಲಿದೆ.

ಹೊರಡುವಾಗ ಕೇಳಿದರು: "ಬೇರೆ ವಾರಸುದಾರರು ಇದಾರಾ?"

"ಒಬ್ಬಳು ಅಕ್ಕ ಇದಾಳೆ" ಎಂದಳು ನನ್ನಾಕೆ ಒಳಗಿನಿಂದ. ನಿಜ ಹೇಳುವುದರಲ್ಲಿ ಆಕೆಗೆ ನಾಚಿಕೆಯೇ ಇಲ್ಲ.

ನಾಲ್ಕು ದಿನದ ಮೇಲೆ ಅಕ್ಕ ಬಂದಳು. ಕೈಯಲ್ಲಿ ನೋಟೀಸು. 'ತಮ್ಮ ಅಜ್ಜಿಯವರು ತಮ್ಮ ಸಹೋದರರನ್ನು ಮಾತ್ರ ಖಾಸಗಿಯಾಗಿ ಕರೆದು, ಇತರರಿಗೆ ತಿಳಿಸಕೂಡದೆಂಬ ಷರತ್ತಿನೊಂದಿಗೆ ನೀಡಿರುವ ಕನ್ನಡಿಯ ಬಗ್ಗೆ ತಮ್ಮ ಆಕ್ಷೇಪಣೆ ಇದ್ದಲ್ಲಿ...' ನನ್ನ ಒಂದು ಸುಳ್ಳನ್ನು ಸರ್ಕಾರ ಎಷ್ಟು ಅಚ್ಚುಕಟ್ಟಾಗಿ ಬರೆದಿತ್ತೆಂದರೆ ಬೇರೆ ಸಮಯದಲ್ಲಾಗಿದ್ದರೆ ಚೌಕಟ್ಟು ಹಾಕಿಸುತ್ತಿದ್ದೆ.

ಅಕ್ಕ ಕೂರಲಿಲ್ಲ. ಕನ್ನಡಿಯ ಮುಂದೆ ನಿಂತು ಬಹಳ ಹೊತ್ತು ನೋಡಿದಳು.

"ಅಕ್ಕಾ, ಕೂತ್ಕೋ..."

"ನೀವು ಕೂತ್ಕೊಳ್ಳಿ" ಎಂದಳು.

ನೀವು! ಹುಟ್ಟಿದಾಗಿನಿಂದ ನನ್ನನ್ನು 'ಪುಟ್ಟ', 'ಲೋ', 'ಕತ್ತೆ' ಎನ್ನುತ್ತಿದ್ದವಳು ನನಗೆ ಬಹುವಚನ ಹಚ್ಚಿದಳು. ಆಫೀಸಿನಲ್ಲಿ ಸಾಹೇಬರು ಅಮಾನತಿನ ಪತ್ರ ಕೈಗಿಟ್ಟಿದ್ದರೂ ನಾನು ಅಷ್ಟು ಹೆದರುತ್ತಿರಲಿಲ್ಲ.

"ಏಳು ವರ್ಷ ಅವಳ ಪಕ್ಕದಲ್ಲೇ ಮಲಗ್ದೆ" ಎಂದಳು ಕನ್ನಡಿಗೆ. "ನನ್ನ ಕಣ್ಣಿಗೆ ಬೀಳಿಸ್ಬೇಡ ಅಂದ್ಲಂತೆ. ನಾನೇನು ಕಿತ್ಕೊಂಡ್ ಹೋಗ್ತಿದ್ನಾ? ಕೊಡೋಕೆ ಏನೂ ಇಲ್ಲ ಅಂತ ಅತ್ತಿದ್ಲಲ್ಲ, ಅದು ಸುಳ್ಳು ಅಳುನಾ ಹಾಗಾದ್ರೆ?"

ಆ ಕ್ಷಣದಲ್ಲಿ, ನಲವತ್ತೆಂಟನೇ ವಯಸ್ಸಿನಲ್ಲಿ, ಮೊದಲನೇ ಸಲ ನಾನು ನಿಜ ಹೇಳಿದೆ. ಪೂರ್ತಿ ನಿಜ. ಸಲೂನು, ಹಲ್ಲಿನ ಸೆಟ್ಟು, ಗೋಣಿಚೀಲ, ಸೈಕಲ್ಲು. ಒಂದಕ್ಕೂ ಸೊನ್ನೆ ಸೇರಿಸಲಿಲ್ಲ. ಮುಗಿಸಿ ನೋಡಿದರೆ ನನ್ನಾಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು, ಮೇಷ್ಟ್ರು ಕಿಟಕಿಯಲ್ಲಿ ತಲೆ ಅಲ್ಲಾಡಿಸುತ್ತಿದ್ದರು.

"ಪಾಪ, ಅಕ್ಕನ್ನ ಸಮಾಧಾನ ಮಾಡೋಕೆ ಎಂಥಾ ಕಥೆ ಕಟ್ತಾ ಇದಾನೆ ನೋಡಿ" ಎಂದರು ಮೇಷ್ಟ್ರು. "ಸಲೂನಲ್ಲಿ ಹದಿನಾರು ಹಕ್ಕಿ ಕೆತ್ತಿರೋ ಕನ್ನಡಿಯಂತೆ!"

"ನೀವು ಸುಳ್ಳು ಹೇಳೋವಾಗ ಕೈ ಆಡಿಸ್ತೀರಿ" ಎಂದಳು ಅಕ್ಕ. "ಈಗ್ಲೂ ಆಡಿಸ್ತಿದೀರಿ."

ನಿಜ ಹೇಳಲು ಬೇರೆ ಕೈ ಎಲ್ಲಿಂದ ತರಲಿ? ಅಕ್ಕ ನೋಟೀಸಿನ ಕೆಳಗೆ 'ಆಕ್ಷೇಪಣೆ ಇಲ್ಲ' ಎಂದು ಬರೆದು, ಮಡಿಸಿ, ಬೆಕ್ಕಿನ ಮುಖದ ಕೆಳಗಿನ ಹಲಗೆಯ ಮೇಲಿಟ್ಟು ಹೋದಳು. ಜಗಳವಾಡಿದ್ದರೆ ಬದುಕಿಕೊಳ್ಳುತ್ತಿದ್ದೆ.

ಸಾಕ್ಷಿ ಬೇಕು. ಮಾರನೇ ಬೆಳಿಗ್ಗೆ ಭಾವನ ಕಾಲಿಗೆ ಬಿದ್ದು ಹೊರಡಿಸಿದೆ. ಭಾವ ಎಂದರೆ ಅಕ್ಕನ ಗಂಡ, ವಾಚು ರಿಪೇರಿಯವರು. ಒಂದು ಕಣ್ಣಿಗೆ ಸದಾ ಭೂತಗನ್ನಡಿ, ಇನ್ನೊಂದು ಕಣ್ಣಲ್ಲಿ ಸದಾ ಅನುಮಾನ. ಕರೆಯದಿದ್ದರೂ ಮೇಷ್ಟ್ರೂ ಬಂದರು. ಮೂವರೂ ಸಲೂನಿಗೆ ನುಗ್ಗಿದೆವು.

ದೊಡ್ಡ ಕತ್ತರಿಯ ಕುರ್ಚಿಯ ಮುಂದೆ ಗೋಡೆ ಬೋಳಾಗಿತ್ತು. ಒಂದು ಮೊಳೆ, ಅದರ ಕೆಳಗೆ ಬಣ್ಣ ಮಾಸದ ಚೌಕ.

"ನೋಡಿ ಭಾವ! ಅಲ್ಲೇ ಇದ್ದದ್ದು! ಅಳತೆ ತೆಗೆದುಕೊಳ್ಳಿ ಬೇಕಾದ್ರೆ! ಏನಪ್ಪಾ, ಹೇಳಪ್ಪಾ, ಆ ಕನ್ನಡಿ ಎಲ್ಲಿ?"

ದೊಡ್ಡ ಕತ್ತರಿ ತಮ್ಮನ ಕಡೆ ನೋಡಿದ. ಆಮೇಲೆ ನನ್ನ ಕಡೆ ನೋಡಿ ಮುಗುಳ್ನಕ್ಕ. ಮೂವತ್ತೆರಡು ಹಲ್ಲು, ಎಲ್ಲ ಹೊಸದು, ಎಲ್ಲ ನನ್ನ ನಲ್ಲಿಯ ದುಡ್ಡಿನದು.

"ಅದು ಒಡೆದುಹೋಯ್ತಲ್ಲ ಸ್ವಾಮಿ."

"ಪುಡಿಪುಡಿ!" ಎಂದ ಸಣ್ಣ ಕತ್ತರಿ. "ನಾನು ಊಟಕ್ಕೆ ಹೋಗಿದ್ದೆ. ಬಂದು ನೋಡ್ತೀನಿ, ಅಣ್ಣ ಚೂರೆಲ್ಲ ಗುಡಿಸಿ ಕಸದ ಗಾಡಿಗೆ ಹಾಕ್ಬಿಟ್ಟಿದಾನೆ. ಕೈ ಎಷ್ಟುದ್ದ ಕೊಯ್ದಿತ್ತು ಅಂತೀರಿ!"

ದೊಡ್ಡ ಕತ್ತರಿ ಅಂಗೈ ತೋರಿಸಿದ. ಇನ್ನೂ ಬ್ಯಾಂಡೇಜಿತ್ತು. ನಾನು ಈ ಸುಳ್ಳಿನ ಕಸುಬಿನಲ್ಲಿ ನಲವತ್ತು ವರ್ಷದಿಂದ ಇದ್ದೇನೆ, ಸುಳ್ಳಿಗೆ ರಕ್ತ ಸುರಿಸಿದವನನ್ನು ಅಂದೇ ಮೊದಲು ನೋಡಿದ್ದು. ಒಳಗೊಳಗೇ ಕೈಮುಗಿದೆ.

"ಆಯ್ತಾ?" ಎಂದರು ಭಾವ. "ದುಡಿಯೋರ ಮೇಲೆ ಯಾಕಯ್ಯಾ ಗೂಬೆ ಕೂರಿಸ್ತೀಯ?"

ಅಲ್ಲಿಂದ ನೇರವಾಗಿ ಇಲಾಖೆಗೆ ಓಡಿದೆ. ಅಧಿಕಾರಿಗೆ, "ಸ್ವಾಮಿ, ನನ್ನ ಹೇಳಿಕೆ ವಾಪಸ್ ಕೊಡಿ, ಅದು ಸುಳ್ಳು" ಎಂದೆ. ಅವರು ಕನ್ನಡಕ ಕೆಳಗಿಳಿಸಿದರು.

"ಸರ್ಕಾರಕ್ಕೆ ಸುಳ್ಳು ಹೇಳಿಕೆ ಕೊಟ್ರೆ ಏನಾಗತ್ತೆ ಗೊತ್ತಾ? ನೀವು ಸರ್ಕಾರಿ ನೌಕರರು ಬೇರೆ."

"ಏನಾಗತ್ತೆ?"

"ಕೆಲಸ ಹೋಗತ್ತೆ. ಆಮೇಲೆ ಒಳಗೆ ಹೋಗ್ತೀರಿ. ಈಗ ಹೇಳಿ, ಸುಳ್ಳಾ?"

"ನಿಜ ಸ್ವಾಮಿ."

"ಹಾಗೆ ಬನ್ನಿ. ರಾಣಿಯ ವಿಷಯ ನನ್ನ ವರದಿಯಲ್ಲಿ ಎಂಟು ಪುಟ ಇದೆ. ಮೂವತ್ತು ವರ್ಷದಲ್ಲಿ ನಂಗೆ ಸಿಕ್ಕಿರೋದು ಇದೊಂದೇ. ದಯವಿಟ್ಟು ಹಾಳು ಮಾಡ್ಬೇಡಿ." ಕೊನೆಯ ಮಾತು ಹೇಳುವಾಗ ಆ ಮನುಷ್ಯನ ಧ್ವನಿ ನನ್ನ ಧ್ವನಿಯ ಹಾಗೇ ಇತ್ತು. ನಾನು ಟೀ ಕುಡಿಸಿ ಬಂದೆ.

ಆಮೇಲಿನ ಒಂದು ತಿಂಗಳು ನರಕ. ನಲವತ್ತು ಮನೆಗೆ ಹೋಗುತ್ತಿದ್ದೆ, ಮೀಟರ್ ಓದುತ್ತಿದ್ದೆ, ಬಾಯಿ ಬಿಡುತ್ತಿರಲಿಲ್ಲ. ಜನ ಹೆದರಿ ಡಾಕ್ಟರ ವಿಳಾಸ ಕೊಟ್ಟರು. ಕನ್ನಡಿಯ ಮುಂದೆ ನಿಂತರೆ ಈಗ ರಾಜಮನೆತನದವನೂ ಕಾಣುತ್ತಿರಲಿಲ್ಲ, ಮೀಟರಿನವನೂ ಕಾಣುತ್ತಿರಲಿಲ್ಲ, ಸತ್ತ ಮುದುಕಿಯ ಅಳುವನ್ನು ಸುಳ್ಳು ಮಾಡಿದ ಒಬ್ಬ ನೆತ್ತಿ ಬೋಳಾಗುತ್ತಿರುವವನು ಕಾಣುತ್ತಿದ್ದ. ಫೋನು ಮಾಡಿದರೆ ಅಕ್ಕ, "ಚೆನ್ನಾಗಿದೀರಾ? ಇಡ್ತೀನಿ" ಎನ್ನುತ್ತಿದ್ದಳು.

ಕೊನೆಗೆ ನನ್ನಾಕೆ ಹೇಳಿದಳು: "ಅಜ್ಜಿದೋ ಸಲೂನಿಂದೋ ಆ ದೇವರಿಗೇ ಗೊತ್ತು. ಅತ್ತಿಗೆಗೇ ಕೊಟ್ಟುಬನ್ನಿ. ಆ ನಲ್ಲಿನೂ ಸರಿ ಮಾಡ್ಸಿ."

ಮತ್ತೆ ಗೋಣಿಚೀಲ, ಮತ್ತೆ ಸೈಕಲ್ಲು. ಅಕ್ಕ ಬಾಗಿಲಲ್ಲಿ ನಿಂತು, "ಇಟ್ಟು ಹೋಗಿ" ಎಂದಳು. ಇಟ್ಟು ಬಂದೆ. ಭಾವ ರಸೀದಿ ಕೊಟ್ಟರು.

ಇನ್ನೂ ಒಂದು ತಿಂಗಳಾದ ಮೇಲೆ ಗಡ್ಡ ಬೋಳಿಸಿಕೊಳ್ಳಲು ಸಲೂನಿಗೆ ಹೋದೆ. ಸಣ್ಣ ಕತ್ತರಿ ಹೊರಗೆ ಹೋಗಿದ್ದ. ದೊಡ್ಡ ಕತ್ತರಿ ನನ್ನ ಮುಖಕ್ಕೆ ನೊರೆ ಹಚ್ಚುತ್ತಾ ಹಚ್ಚುತ್ತಾ ಕಣ್ಣಲ್ಲಿ ನೀರು ತಂದುಕೊಂಡ.

"ಅಣ್ಣಾ, ನಿಮ್ಮ ಮುಖ ನೋಡೋಕಾಗಲ್ಲ. ತಮ್ಮನ ಮುಂದೆ ಬಾಯಿಬಿಡೋಕೆ ನನ್ ಕೈಲಿ ಆಗಲ್ಲ. ಆದ್ರೆ ಒಂದು ಹೇಳ್ತೀನಿ. ಕನ್ನಡಿ ಹಿಂದಿನ ಹಲಗೆ ಬಿಚ್ಚಿ ನೋಡಿ. ಗಾಜು ಅಲ್ಲಾಡ್ತಿತ್ತು ಅಂತ ನಮ್ಮ ಹಳೇ ರೇಟ್ ಬೋರ್ಡಿನ ರಟ್ಟು ಒಳಗೆ ತುರುಕಿದ್ದೆ. ಅಂಗಡಿ ಹೆಸರು, ನಮ್ಮಪ್ಪನ ಸಹಿ, ಎಲ್ಲ ಇದೆ."

ಸಾಕ್ಷಿ! ಒಂದೇ ಕೆನ್ನೆ ಬೋಳಿಸಿದ್ದ ಹಾಗೇ ಎದ್ದೆ. ನನ್ನ ಹಣೆಯಲ್ಲಿ ಆ ಅಂಗಡಿಯಲ್ಲಿ ಪೂರ್ತಿ ಕೆಲಸ ಬರೆದಿಲ್ಲ. ಸ್ಕ್ರೂಡ್ರೈವರ್ ಜೇಬಿಗೆ ಹಾಕಿಕೊಂಡು ಸೈಕಲ್ ತುಳಿದೆ. ಗಾಳಿ ನನ್ನನ್ನು ಹಿಂದಿಕ್ಕಲು ಹೆದರಿತು.

ಅಕ್ಕನ ಮನೆಯಲ್ಲಿ ಭಾವ ಮೇಜಿನ ಮುಂದೆ ಹನ್ನೆರಡು ವಾಚು ಬಿಚ್ಚಿಟ್ಟುಕೊಂಡು ಕೂತಿದ್ದರು. ಅಕ್ಕ ಹಿತ್ತಲಲ್ಲಿ ಬಟ್ಟೆ ಒಗೆಯುವ ಸದ್ದು. "ಗಾಜು ಸಡಿಲ ಆಗಿದೆ ಭಾವ, ಬಿಗಿ ಮಾಡ್ತೀನಿ" ಎಂದು ಕನ್ನಡಿ ಇಳಿಸಿ, ಮಗುಚಿ, ಆರು ಸ್ಕ್ರೂ ಬಿಚ್ಚಿದೆ. ಹಲಗೆ ಎದ್ದಿತು. ರಟ್ಟು ಅಲ್ಲೇ ಇತ್ತು! ಸಲೂನಿನ ಹೆಸರು, ದೊಡ್ಡ ಕತ್ತರಿಯ ಅಪ್ಪನ ಸಹಿ. 'ತಲೆ ಕ್ಷೌರ, ಮುಖ ಕ್ಷೌರ. ಕುರ್ಚಿಯಲ್ಲಿ ನಿದ್ರಿಸಬಾರದು. ಕತ್ತಿ ಆಡುವಾಗ ನಗಬಾರದು.' ನಾನು ಆ ರಟ್ಟನ್ನು ಎದೆಗೆ ಅಪ್ಪಿಕೊಂಡೆ. ಇನ್ನು ಅಜ್ಜಿ ಸುಳ್ಳಿ ಅಲ್ಲ, ನಾನು ಕಳ್ಳ ಅಲ್ಲ, ಬರೀ ಮೂರ್ಖ.

"ಏನೋ ಮಾಡ್ತಿದೀಯ ಅದನ್ನ?"

ತಿರುಗಿದೆ. ಅಕ್ಕ. ಒದ್ದೆ ಕೈ. ಆದರೆ 'ಏನೋ' ಎಂದಳು! ಎರಡು ತಿಂಗಳ ಮೇಲೆ 'ಏನೋ'! ರಟ್ಟು ಬೆನ್ನ ಹಿಂದೆ ಹೋಯಿತು, ನಾನು ಹೇಳದೆಯೇ.

ಅಕ್ಕ ನೆಲದ ಮೇಲೆ ಕೂತು ಚೌಕಟ್ಟನ್ನು ಸೆರಗಿನಿಂದ ಒರೆಸಿದಳು.

"ಮೊದಮೊದಲು ಇದರ ಮುಖ ನೋಡೋಕೂ ಮನಸ್ಸಾಗ್ಲಿಲ್ಲ ಕಣೋ. ಆಮೇಲೆ ಒಂದಿನ ತಲೆ ಬಾಚ್ಕೊಳ್ತಾ ಇದ್ದೆ. ಥಟ್ ಅಂತ ನೆನಪಾಯ್ತು. ನಾನು ಐದೋ ಆರೋ ವರ್ಷದವಳು, ಅಜ್ಜಿ ಇದರ ಮುಂದೆ ಕೂರಿಸ್ಕೊಂಡು ನಂಗೆ ಜಡೆ ಹಾಕ್ತಿದ್ಲು. ಈ ಬೆಕ್ಕಿನ ಮುಖ ನೋಡಿ ನಾನು ಅಳ್ತಿದ್ದೆ. 'ಸುಮ್ನಿರೇ, ದೊಡ್ಡವಳಾದ್ಮೇಲೆ ಇದು ನಿಂಗೇನೇ' ಅಂದಿದ್ಲು. ನಂಗೇ ಅಂದಿದ್ಲು ಕಣೋ ಪುಟ್ಟ. ಅವಳಿಗೆ ಮರೆವು ಬಂದಾಗ ನೀನು ಹೇಗೋ ಹಾರಿಸ್ಕೊಂಡ್ ಹೋಗಿದೀಯ. ಅದಕ್ಕೇ ಪಾಪ ಕೊಡೋಕೆ ಏನೂ ಇಲ್ಲ ಅಂತ ಅತ್ಲು. ಇಟ್ಟ ಜಾಗದಲ್ಲಿ ಇರ್ಲಿಲ್ವಲ್ಲ."

ಅವಳು ಮರಕ್ಕೆ ಮೂಗು ಒತ್ತಿ ಕಣ್ಣು ಮುಚ್ಚಿದಳು. "ಅಜ್ಜಿ ಸೋಪಿನ ವಾಸನೆ ಇನ್ನೂ ಹೋಗಿಲ್ಲ ನೋಡು."

ದೊಡ್ಡ ಕತ್ತರಿಯ ನೊರೆ ನನ್ನ ಬೋಳಿಸದ ಕೆನ್ನೆಯ ಮೇಲೆ ಒಣಗುತ್ತಿತ್ತು. ಅದೇ ಸೋಪು, ಅದೇ ವಾಸನೆ. ನಾನು ಎರಡು ಹೆಜ್ಜೆ ಹಿಂದೆ ಸರಿದೆ.

"ಕೈಯಲ್ಲಿ ಏನಯ್ಯಾ ಅದು?" ಎಂದರು ಭಾವ, ಭೂತಗನ್ನಡಿಯನ್ನು ನನ್ನತ್ತ ತಿರುಗಿಸಿ.

"ರಟ್ಟು ಭಾವ. ಗೆದ್ದಲು ಹಿಡಿದಿದೆ. ಬಿಸಾಕ್ತೀನಿ."

"ಬೇರೇನೂ ಬೇಡ ಪುಟ್ಟ" ಎಂದಳು ಅಕ್ಕ. "ಒಂದೇ ಒಂದು ಸಲ ನಿಜ ಹೇಳ್ಬಿಡು. ಕದ್ದೆ ತಾನೆ?"

ನಾನು ಕೈಗಳನ್ನು ಬೆನ್ನ ಹಿಂದೆಯೇ ಇಟ್ಟುಕೊಂಡೆ. ಆದ್ದರಿಂದ ಅವು ಆಡಲಿಲ್ಲ.

"ಹೌದು ಅಕ್ಕಾ. ಕದ್ದೆ."

ಹಮಾಲಿಗಳಿಲ್ಲ, ರಾಣಿಯಿಲ್ಲ, ಸೊನ್ನೆಗಳಿಲ್ಲ. ನನ್ನ ಜೀವಮಾನದಲ್ಲೇ ಅಷ್ಟು ಚಿಕ್ಕ ಸುಳ್ಳು ಹೇಳಿರಲಿಲ್ಲ, ಅಷ್ಟು ಬೇಗ ಯಾರೂ ನಂಬಿರಲೂ ಇಲ್ಲ. ಅಕ್ಕ ಅತ್ತಳು, ನಕ್ಕಳು, ನನ್ನ ತಲೆಗೆ ಒದ್ದೆ ಕೈಯಲ್ಲಿ ಒಂದು ಕೊಟ್ಟು, "ಕತ್ತೆ" ಎಂದಳು. ಆಮೇಲೆ ಬೀದಿಗೆಲ್ಲ ಕೇಳುವ ಹಾಗೆ ಪಕ್ಕದ ಮನೆಯವರನ್ನು ಕರೆದು, "ಒಪ್ಕೊಂಡ ಕಣ್ರೀ!" ಎಂದಳು.

ರಟ್ಟನ್ನು ಅಂಗಿಯೊಳಗೆ ಹೊಟ್ಟೆಗೆ ಅಂಟಿಸಿಕೊಂಡು ಮನೆಗೆ ಬಂದೆ. ಈಗ ಅದು ಅಡುಗೆಮನೆಯಲ್ಲಿ ಸೋರುವ ನಲ್ಲಿಯ ಕೆಳಗಿನ ಬಕೆಟ್ಟಿನ ಮೇಲೆ ಮುಚ್ಚಳವಾಗಿದೆ, ಅಕ್ಷರಗಳು ಕೆಳಮುಖ.

ತಿಂಗಳಿಗೊಮ್ಮೆ ಅಕ್ಕನ ಮನೆಗೆ ಹೋಗುತ್ತೇನೆ. ಅವಳು ಬಾಗಿಲಲ್ಲೇ, "ಬಾರೋ ಕಳ್ಳ" ಎನ್ನುತ್ತಾಳೆ, ಬಾಯಿತುಂಬ. ಒಳಗೆ ಭಾವ ನನ್ನ ದನಿ ಕೇಳಿದ ಕೂಡಲೇ ಮೇಜಿನ ಮೇಲಿನ ವಾಚುಗಳನ್ನೆಲ್ಲ ಡ್ರಾಯರಿಗೆ ಸುರಿದು ಬೀಗ ಹಾಕುತ್ತಾರೆ. ನಾನು ಹೊರಟ ಮೇಲೆ ತೆಗೆದು ಎಣಿಸುತ್ತಾರೆ. ಆ ಎಣಿಕೆ ನನಗೆ ಗೇಟಿನವರೆಗೂ ಕೇಳಿಸುತ್ತದೆ, ಹನ್ನೆರಡು ಮುಗಿಯುವವರೆಗೂ ನಾನು ಅಲ್ಲೇ ನಿಂತಿರುತ್ತೇನೆ.